ಹದಿನೇಳನೆಯ ದಿನದ ತಂಪು ಕಾಫಿ

ಐಸಿನ ಹೊಟ್ಟೆಯೊಳಗೆ ಇಷ್ಟು ಬೆಳ್ಳಗೆ ಯಾಕಿದೆ, ಪಕ್ಕದ ಮನೆ ಜರೀನಾಬಿಯ ಐಸು ಗಾಜಿನ ಹಾಗೆ ಆಚೆ ಈಚೆ ಕಾಣುತ್ತದೆ, ಇದು ನೋಡಿದರೆ ನಡುವೆ ಸುಣ್ಣ ತುಂಬಿಟ್ಟಂತಿದೆ — ಇರಲಿ ಬಿಡು, ಹಳೇ ಫ್ರಿಜ್ಜು, ಕರೆಂಟು ಬೇರೆ ತಾಸಿಗೊಮ್ಮೆ ಹೋಗಿ ಬರುತ್ತದೆ — ಶಿವಗಂಗಾ ಸ್ಟೀಲಿನ ಬಟ್ಟಲನ್ನು ಬೋರಲು ಹಾಕಿ ಅದರ ಬೆನ್ನಿಗೆ ಎರಡು ಕೊಟ್ಟಳು, ಗಡ್ಡೆ ಟಣ್ಣನೆ ತಾಟಿಗೆ ಬಿತ್ತು, ಪಡಸಾಲೆಯಲ್ಲಿ ಕೂತಿದ್ದ ಗಂಡ ಕತ್ತು ತಿರುಗಿಸಿ ನೋಡಿದ, ಅಷ್ಟೇ, ಏನದು ಅಂತ ಕೇಳಲಿಲ್ಲ. ಕೇಳಬಾರದೇನು ಒಂದು ಮಾತು? ಹದಿನೈದು ದಿನ ತುಟಿ ಬಿಚ್ಚಬ್ಯಾಡ್ರಿ, ಆಮ್ಯಾಲೆ ಸಣ್ಣಗ ಮಾತಾಡ್ರಿ ಅಂದಿದ್ದರು ಹುಬ್ಬಳ್ಳಿಯ ಡಾಕ್ಟರು, ಗಂಟಲೊಳಗಿನ ಗಂಟು ತೆಗೆದಾಯಿತು, ಕೆಟ್ಟ ಗಂಟಲ್ಲ, ರಿಪೋರ್ಟು ಚಲೋ ಬಂತು, ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಅವಳು ಅತ್ತಿದ್ದಳು, ಹೋದ ಜೀವ ಬಂದಂತಾಗಿತ್ತು, ಆದರೆ ಇವತ್ತಿಗೆ ಹದಿನೇಳು, ಸಿದ್ಧಲಿಂಗ ಇನ್ನೂ ಬಾಯಿ ಬಿಟ್ಟಿಲ್ಲ. ಟಿಕೆಟ್ ಮಷೀನಿನ ಹಳೇ ರೋಲು ಒಂದು ಕೈಯಲ್ಲಿ, ಪೆನ್ನು ಒಂದು ಕೈಯಲ್ಲಿ, ನೀರು, ಫ್ಯಾನು, ಊಟ ಅಂತ ಬರೆಯುವುದು, ಹರಿದು ಕೊಡುವುದು, ಕಂಡಕ್ಟರಿಕೆ ಮನೆಯಲ್ಲೂ ಬಿಡಲಿಲ್ಲ ಅಂತ ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ನಿನ್ನೆ ಅಂಗಿ ಒಗೆಯುವಾಗ ಜೇಬಿನಲ್ಲಿ ಒಂದು ಚೂರು ಸಿಕ್ಕಿತು, ಅವಳಿಗೆ ಕೊಡದೆ ಮಡಚಿ ಇಟ್ಟುಕೊಂಡದ್ದು — ದನಿ ಬರದಿದ್ದರ? ಅಷ್ಟೇ ಬರೆದಿದ್ದ. ಆ ಚೂರನ್ನು ಅವಳು ಒಣಗಿದ ಅಂಗಿಯ ಅದೇ ಜೇಬಿಗೆ ವಾಪಸು ಹಾಕಿದಳು, ನೋಡಿದೆ ಅಂತ ಹೇಳುವುದು ಹೇಗೆ.

ಚಮಚ ತಿರುವು, ನಿಲ್ಲಿಸಬೇಡ, ಜರೀನಾಬಿ ಗೋಡೆಯಾಚೆಯಿಂದ ಹೇಳಿಕೊಟ್ಟದ್ದು ಹಾಗೆಯೇ, ಕಾಫಿಪುಡಿ ಎರಡು ಚಮಚ, ಸಕ್ರಿ ಎರಡು, ಬಿಸಿನೀರು ಎರಡು, ಕೈ ಸೋತು ಬೀಳೂಮಟ ತಿರುವು ಬೇ, ಕರಿಬಣ್ಣ ಹೋಗಿ ಬಾದಾಮಿ ಬಣ್ಣ ಬರಬೇಕು, ಆಮ್ಯಾಲೆ ತಣ್ಣನ ಹಾಲು, ಮ್ಯಾಲೆ ಐಸು, ನಮ್ಮ ಹುಡುಗಿ ಇರಮ್ ದಿನಾ ಮಾಡ್ಕೊಂಡು ಕುಡೀತಾಳ. ಚಹಾದ ಮನೆ ಇದು, ಕಾಫಿ ಅಂದರೆ ಬೀಗರು ಬಂದಾಗ, ಇವರಿಗೆ ದಿನಕ್ಕೆ ಹತ್ತು ಕಪ್ಪು ಚಹಾ ಬೇಕು, ಆದರೆ ಬಿಸಿ ಬ್ಯಾಡ ಅಂತ ಡಾಕ್ಟರ ಅಪ್ಪಣೆ, ಆರಿದ ಚಹಾ ಕೊಟ್ಟರೆ ಇಲಿ ಬಿದ್ದ ನೀರು ಕೊಟ್ಟವರ ಹಾಗೆ ಮುಖ ಮಾಡಿ ದೂರ ಸರಿಸುತ್ತಾರೆ. ಅಬ್ಬಾ ಸೆಕೆ, ಎರೆಹೊಲದ ಝಳ ಓಣಿಯೊಳಗೆ ನುಗ್ಗಿ ಬರುತ್ತಿದೆ, ಅಣ್ಣಿಗೇರಿಯ ಮೇ ತಿಂಗಳು ಅಂದರೆ ಸಾಕು. ಬಿಸಿನೀರಿಗೆ ತಾಮ್ರದ ಕೊಡದ ಸಿಹಿನೀರು, ಶುದ್ಧ ನೀರಿನ ಘಟಕದಿಂದ ಹೊತ್ತು ತಂದದ್ದು, ಪ್ಲಾಸ್ಟಿಕ್ ಕೊಡದ್ದು ಬೋರಿನ ಸವಳು, ಬಾಯಿಗಿಟ್ಟರೆ ಉಪ್ಪುಪ್ಪು, ಅದು ಪಾತ್ರೆಗೆ, ಬಟ್ಟೆಗೆ, ಈ ಊರಿನ ಹೆಂಗಸರ ಕೈ ಕತ್ತಲೆಯಲ್ಲೂ ಕೊಡ ತಪ್ಪುವುದಿಲ್ಲ. ನೋಡಲು ಬಂದ ದಿನ ಇವರು ಹೆಸರೇನ್ರಿ ಅಂತ ಕೇಳಿದ್ದು ಹಿತ್ತಲಲ್ಲಿದ್ದ ಎಮ್ಮೆಗೂ ಕೇಳಿಸಿತ್ತು, ಅಪ್ಪ ಒಳಗೆ ಬಂದು, ಏನ ದನಿ ಅದು, ಹುಡುಗ ಬಾಯಿಬಡಕ ಅದಾನೇನು ಅಂದಿದ್ದ, ಅವಳಿಗೆ ಮಾತ್ರ ಆ ದನಿಯೇ ಹಿಡಿಸಿತು, ನವಲಗುಂದದ ಗಾಡಿ ಸ್ಟ್ಯಾಂಡಿಗೆ ಬಂದರೆ ಅಡುಗೆಮನೆಯಲ್ಲಿ ನಿಂತೇ ಗೊತ್ತಾಗುತ್ತಿತ್ತು, ಮುಂದ ಹೋಗ್ರಿ, ಮುಂದ ಜಾಗಾ ಐತಿ, ಯವ್ವಾ ಬುಟ್ಟಿ ಈಚೆ ತಗೀ — ಇಪ್ಪತ್ತೆರಡು ವರ್ಷ ಆ ಒದರಾಟಕ್ಕೆ ಎಸರಿಟ್ಟಿದ್ದಾಳೆ, ಮತ್ತು ಎಷ್ಟು ಸಲ ಬೈದಿದ್ದಾಳೆ, ಮನ್ಯಾಗರ ಸಣ್ಣಗ ಮಾತಾಡ್ರೀ, ಇದೇನು ಬಸ್ಸೇನು? ಹಾಳು ಬಾಯಿ ನನ್ನದು, ಯಾವ ಗಳಿಗೆಯಲ್ಲಿ ಅಂದೆನೋ.

ಬಣ್ಣ ಬಂತು. ಹಾಲು ಸುರಿದಳು, ನೊರೆ ಮೇಲೆದ್ದಿತು, ಬೆಳ್ಳನೆ ಹೊಟ್ಟೆಯ ಗಡ್ಡೆಯನ್ನು ಲಟ್ಟಣಿಗೆಯಿಂದ ಒಡೆದು ಹಾಕಿದಳು, ಆಪರೇಷನ್ ಆದ ಹೊಸದರಲ್ಲಿ ಕತ್ತಿಗೆ ಬಟ್ಟೆಯಲ್ಲಿ ಐಸು ಸುತ್ತಿ ಹಿಡೀರಿ ಅಂದಿದ್ದಳು ನರ್ಸು, ಆಗಿನಿಂದ ಫ್ರಿಜ್ಜಿನಲ್ಲಿ ನಾಲ್ಕು ಬಟ್ಟಲು ಕಾಯಂ, ಇವತ್ತು ಉಪಯೋಗಕ್ಕೆ ಬಂದವು. ತಗೋರಿ ಅಂದಳು, ಹೊಸಾದು ಮಾಡೇನಿ. ಸಿದ್ಧಲಿಂಗ ಗ್ಲಾಸು ತಗೊಂಡ, ಮೂಸಿದ, ಒಂದು ಗುಟುಕು, ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಬಂತು, ಅವಳ ಉಸಿರೂ ಅದರ ಹಿಂದೆಯೇ ಹೋಗಿ ಬಂತು, ಇನ್ನೊಂದು ಗುಟುಕು, ಗ್ಲಾಸು ಅಲ್ಲಾಡಿಸಿದ, ಫ್ಯಾನಿನ ಕೆಳಗೆ ಕೂತು ಸುಮ್ಮನೆ ಐಸು ಕರಗುವುದನ್ನೇ ನೋಡಿದ, ಹೇಗಿದೆ ಅಂತ ಬರೆಯಲಿಲ್ಲ, ಅವಳೂ ಕೇಳಲಿಲ್ಲ, ಕೇಳಿದರೆ ಮತ್ತೆ ರೋಲು ಹುಡುಕುತ್ತಾರೆ. ಮೂರನೆಯ ಸಲ ಗ್ಲಾಸೆತ್ತಿ ದೊಡ್ಡದೊಂದು ಗುಟುಕು ಎಳೆದ, ಮುಖ ಸೊಟ್ಟಗಾಯಿತು, ಕಣ್ಣು ಕಿರಿದಾಯಿತು, ಅಯ್ಯೋ ನೋಯಿತೇನೋ ಅಂತ ಅವಳು ಏಳುವಷ್ಟರಲ್ಲಿ — ಥೂ, ಸವಳ ನೀರ ಹಾಕೀಯೇನಲೇ ಇದಕ್ಕ!

ಗೂಟಕ್ಕೆ ತೂಗುಹಾಕಿದ ಕಂಡಕ್ಟರ್ ಚೀಲವೂ ನಡುಗಿರಬೇಕು. ಕೊನೆಯಲ್ಲಿ ಸ್ವಲ್ಪ ಒಡೆದಿತ್ತು, ಆದರೆ ಅದೇ, ಎಮ್ಮೆಗೂ ಕೇಳಿಸಿದ್ದ ಅದೇ ದನಿ, ಅವನು ಗ್ಲಾಸು ಹಿಡಿದ ಕೈ ಅಲ್ಲೇ ಬಿಟ್ಟು ಇನ್ನೊಂದು ಕೈಯಿಂದ ಗಂಟಲು ಮುಟ್ಟಿಕೊಂಡ, ಬೇರೆ ಯಾರೋ ಒದರಿದರು ಅನ್ನುವ ಹಾಗೆ ಅವಳ ಮುಖ ನೋಡಿದ. ಸವಳು — ಹೌದಲ್ಲ, ಹೌದು ಹೌದು, ಕತ್ತಿಗೆ ಹಿಡಿಯುವ ಐಸಿಗೆ ಸಿಹಿನೀರು ಯಾಕೆ ದಂಡ ಅಂತ ಪ್ಲಾಸ್ಟಿಕ್ ಕೊಡದಿಂದಲೇ ತುಂಬಿಟ್ಟವಳು ಅವಳು, ಅದಕ್ಕೇ ಹೊಟ್ಟೆ ಬೆಳ್ಳಗೆ, ಕೊಡ ತಪ್ಪದ ಕೈಯಂತೆ, ಬೆಂಕಿ ಹಾಕಲಿ ಆ ಕೈಗೆ, ಅಲ್ಲ ಅಲ್ಲ, ಬಂಗಾರದ ಬಳೆ ತೊಡಿಸಬೇಕು. ಗೋಡೆಯಾಚೆಯಿಂದ ಜರೀನಾಬಿ, ಶಿವಗಂಗಾ, ಯಾರ ಬೇ ಒದರಿದ್ದು, ಕಂಡಕ್ಟರ್ ಅಣ್ಣಾರೇನು? ಹೌದು ಬೇ ಹೌದು, ಅವರ ಅಂತ ಕೂಗಿ ಹೇಳುವಾಗ ಶಿವಗಂಗಾಳಿಗೆ ನಗು ಬಂತು, ಅಳುವೂ ಬಂತು, ಸಣ್ಣಗ ರೀ, ಡಾಕ್ಟರು ಸಣ್ಣಗ ಅಂದಾರ, ಇನ್ನೊಮ್ಮೆ ಅನ್ರಿ. ಏನನ್ಲಿ? ಅದ, ಸವಳಂತ. ಸವಳು, ಅಂದ ಸಿದ್ಧಲಿಂಗ, ಸಣ್ಣಗೆ, ಜೇಬಿನೊಳಗಿದ್ದ ಚೂರನ್ನು ಮುದ್ದೆ ಮಾಡುತ್ತ. ಬೇರೆ ಮಾಡಿ ಕೊಡುತ್ತೇನೆ ಅಂತ ಗ್ಲಾಸು ಕಿತ್ತುಕೊಂಡು ಒಳಗೆ ಬಂದಳು, ಮೋರಿಗೆ ಸುರಿಯಬೇಕು, ಕೈ ಬರಲಿಲ್ಲ, ತಾನೇ ಕುಡಿದಳು, ತಂಪು, ಉಪ್ಪು, ಪೂರ್ತಿ ಕುಡಿದಳು, ಎದೆಯವರೆಗೆ ತಣ್ಣಗಾಯಿತು, ಹೊರಗಿನಿಂದ ಅವನು ಕರೆಯುತ್ತಿದ್ದಾನೆ, ಶಿವಗಂಗಾ, ಏ ಶಿವಗಂಗಾ, ಓ ಅನ್ನಬೇಕು, ಅನ್ನುತ್ತೇನೆ, ಇನ್ನೊಂದು ಸಲ ಕರೆಯಲಿ, ಗ್ಲಾಸಿನ ತಳದಲ್ಲಿ ಒಂದು ಚೂರು ಐಸು ಉಳಿದಿದೆ, ಹೊಟ್ಟೆ ಬೆಳ್ಳಗೆ, ಇನ್ನೂ ಕರಗಿಲ್ಲ, ಬೆಳ್ಳಗೆ —