ಕೇರಿಯ ಮಳೆ

"ಲೇ ಹುಚ್ಚಿ, ಕಣ್ಣು ತಿಕದಾಗೈತೇನೇ? ಆ ಕಡೆ ಯಾಕ್ ಅಗೀತೀಯ? ನಿಮ್ ಕೇರಿ ನೀರು ಒಂದ್ ತೊಟ್ಟು ನನ್ ಹೊಂಡಕ್ಕೆ ಬಿತ್ತಂದ್ರೆ ನಿನ್ನೂ ಅದ್ರಾಗೇ ಹೂತಾಕ್ತೀನಿ!"

ಹುಚ್ಚಕ್ಕ ಗುದ್ದಲಿ ನಿಲ್ಲಿಸಿದಳು. ದಡದ ಮೇಲೆ ಗೌಡ ಪ್ರಸನ್ನಕುಮಾರ್ ಕೊಡೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ನಕ್ಷೆ ಹಿಡಿದ ಇಂಜಿನಿಯರ್ ಕನಕರಾಜ್. ಊರಿನ ಹೆಸರಿನಲ್ಲಿ ಮಂಜೂರಾದ ಇಂಗುಹೊಂಡ ಗೌಡನ ದಾಳಿಂಬೆ ತೋಟದ ತಲೆಗೆ ಬಂದು ಕೂತಿತ್ತು. ಮಳೆನೀರು ಹೊಂಡಕ್ಕೆ ಇಳಿಯಬೇಕು, ಹೊಂಡದಿಂದ ಭೂಮಿಗೆ ಇಳಿಯಬೇಕು, ಬತ್ತುತ್ತಿದ್ದ ಅವನ ಬೋರುಗಳು ಮತ್ತೆ ಉಸಿರಾಡಬೇಕು. ಅಗೆಯುವವರು ಮಾತ್ರ ಕೇರಿಯವರು.

"ಇಳಿಜಾರು ಇರೋದೇ ಕೇರಿ ಕಡೆಯಿಂದಲ್ರೀ ಗೌಡ್ರೇ," ಎಂದ ಕನಕರಾಜ್. "ಬಂಡೆ ನೀರೆಲ್ಲ ಆ ಬೀದಿ ಹಾದೇ ಬರ್ಬೇಕು. ಅದನ್ನ ಬಿಟ್ರೆ ಹೊಂಡಕ್ಕೆ ಏನ್ ಬರುತ್ತೆ?"

"ಹೊಲದ್ ನೀರು ಬರ್ತೈತೆ, ಸಾಕು. ಇವ್ರ ಬಚ್ಚಲು ತೊಳ್ಕಂಡು ಬಂದ ನೀರು ಇಂಗಿ, ನನ್ ಬೋರಾಗೆ ಬಂದು, ನಮ್ಮವ್ವ ಅದನ್ನ ದೇವ್ರ ತಲೆ ಮ್ಯಾಲೆ ಹುಯ್ಬೇಕೇನ್ರೀ?"

ಕನಕರಾಜ್ ನಕ್ಷೆ ಮಡಿಚಿದ.

ಏನೂ ಬೆಳೆಯದ ಜಾಗ ಎಂದು ಕೇರಿಯನ್ನು ಬಂಡೆಯ ಬುಡಕ್ಕೆ ತಳ್ಳಿದವರು ಈ ಗೌಡನ ಹಿರಿಯರೇ. ಆಗ ಯಾರೂ ಮಳೆಯ ದಾರಿ ನೋಡಿರಲಿಲ್ಲ. ಬಂಡೆಯ ಮೇಲೆ ಬಿದ್ದ ನೀರು ಮೊದಲು ಕೇರಿಯ ಬೀದಿಗೆ ಇಳಿಯುತ್ತಿತ್ತು, ಆಮೇಲೆ ಉಳಿದವರ ಹೊಲಗಳಿಗೆ.

ಅಗೆಯುವವರಿಗೆ ಟೀ ಬಂತು. ಕೆಟಲು ಹಿಡಿದು ಬಂದವಳು ಏಕನಾಥಮ್ಮ, ಹುಚ್ಚಕ್ಕನ ವಾರಗಿತ್ತಿ. ಇಬ್ಬರ ಮನೆಗಳಿಗೂ ನಡುವೆ ಒಂದೇ ಗೋಡೆ. ಏಕನಾಥಮ್ಮ ಗೌಡನ ಅಂಗಳ ಗುಡಿಸುತ್ತಿದ್ದಳು. ಅದಕ್ಕೆ ದಿನಾ ಬೆಳಿಗ್ಗೆ ಎರಡು ಬಿಂದಿಗೆ ಬೋರಿನ ನೀರು. ಅದೂ ಅವಳು ನಲ್ಲಿ ಮುಟ್ಟುವಂತಿಲ್ಲ. ಗೌಡನ ಮನೆಯವರು ಪೈಪಿನಿಂದ ಮೇಲೆತ್ತಿ ಬಿಡಬೇಕು, ಇವಳು ಕೆಳಗೆ ಬಿಂದಿಗೆ ಹಿಡಿಯಬೇಕು.

ಆ ಎರಡು ಹಳದಿ ಬಿಂದಿಗೆಗಳು ಹುಚ್ಚಕ್ಕನ ಎದೆಯ ಮೇಲೆ ಕೂತು ಎರಡು ವರ್ಷವಾಗಿತ್ತು. ಕೇರಿಯ ಕೈಪಂಪಿನ ಬೋರಿಂಗು ಒಣಗಿ ಅಷ್ಟೇ ಕಾಲ. ಪಂಚಾಯ್ತಿ ನಲ್ಲಿ ನಾಲ್ಕು ದಿನಕ್ಕೊಮ್ಮೆ, ಅದೂ ಬೆರಳು ಗಾತ್ರ. ಬೆಳಿಗ್ಗೆ ಗೋಡೆಯಾಚೆ ಏಕನಾಥಮ್ಮ ಬಿಂದಿಗೆ ಇಳಿಸುವ ಸದ್ದು ಕೇಳಿದರೆ ಹುಚ್ಚಕ್ಕನ ಬಾಯಿ ಒಣಗುತ್ತಿತ್ತು. ನೀರಿನ ಸದ್ದಿನಲ್ಲೇ ಬಿಂದಿಗೆ ಕಂಠಮಟ್ಟ ಇದೆಯೋ, ತುಳುಕಿ ಇಳಿದಿದೆಯೋ ಅವಳಿಗೆ ತಿಳಿಯುತ್ತಿತ್ತು. ಪಾತ್ರೆ ತೊಳೆದ ನೀರು ಹುಯ್ದು ಹುಯ್ದು ಏಕನಾಥಮ್ಮನ ಬಾಗಿಲಲ್ಲಿ ಒಂದು ಕರಿಬೇವು ಎದೆಯುದ್ದ ಬೆಳೆದಿತ್ತು. ಒಂದು ದಿನ ಅವಳು ಕೆಲಸಕ್ಕೆ ಹೋದಾಗ ಹುಚ್ಚಕ್ಕ ಅದರ ಬುಡಕ್ಕೆ ಒಂದು ಹಿಡಿ ಉಪ್ಪು ಹಾಕಿದ್ದಳು. ಗಿಡ ಸಾಯಲಿಲ್ಲ. ಅದಕ್ಕೂ ಇವಳಿಗೆ ಹೊಟ್ಟೆಯುರಿ.

"ಟೀ ತಗಳಕ್ಕ," ಎಂದಳು ಏಕನಾಥಮ್ಮ.

"ಗೌಡ್ರ ನೀರು ಕುಡ್ದು ಕುಡ್ದು ಬೆಳ್ಳಗಾಗೀಯಲ್ಲೇ," ಎಂದಳು ಹುಚ್ಚಕ್ಕ. ಕಾಗದದ ಲೋಟ ಮಾತ್ರ ಬಿಡಲಿಲ್ಲ.

ಗೌಡ ಹೇಳಿದಂತೆ ಆ ವಾರ ಕೇರಿಯವರೇ ತಮ್ಮ ಬೀದಿಯ ತುದಿಗೆ ಅಡ್ಡ ಬದು ಹಾಕಿದರು. ತಮ್ಮ ನೀರು ಗೌಡನ ಹೊಂಡಕ್ಕೆ ಬೀಳದ ಹಾಗೆ ಒಂದು ಕಾಲುವೆ ತೋಡಿ, ಅದನ್ನು ಕೇರಿಯ ಹಿಂದಿನ ಮಣ್ಣುಗುಂಡಿಗೆ ತಿರುಗಿಸಿದರು. ಮೂರು ತಲೆಮಾರು ಗೋಡೆ ಕಟ್ಟಲು ಮಣ್ಣು ತೆಗೆದು ತೆಗೆದು ಆದ ಗುಂಡಿ ಅದು. ಸತ್ತ ಬೋರಿಂಗು ನಿಂತಿದ್ದು ಅದರ ಪಕ್ಕದಲ್ಲೇ.

ಮುಂಗಾರಿನ ಮೊದಲ ಮೂರು ಮಳೆ ಜೋರಾಗಿಯೇ ಬಂದವು. ಬಂಡೆಯಿಂದ ಕೆಂಪಾಗಿ ಇಳಿದ ನೀರು ಬೀದಿ ತುಂಬ ಹರಿದು, ಬದುವಿಗೆ ಹಣೆ ಹಚ್ಚಿ, ತಿರುಗಿ ಮಣ್ಣುಗುಂಡಿಗೆ ಬಿತ್ತು. ಎರಡು ದಿನ ನಿಂತು, ಮೂರನೆಯ ದಿನಕ್ಕೆ ಕಾಣೆಯಾಯಿತು. ಗೌಡನ ಹೊಂಡದಲ್ಲಿ ಕಪ್ಪೆ ಮುಳುಗುವಷ್ಟು ಕೆಸರು ನಿಂತು, ಬಿರುಕು ಬಿಟ್ಟಿತು.

ಒಂದು ಬೆಳಿಗ್ಗೆ ಹುಚ್ಚಕ್ಕ ಬಯಲಿಗೆ ಹೋಗಿ ಬರುವಾಗ ಬೋರಿಂಗಿನ ಹಿಡಿಯನ್ನು ಸುಮ್ಮನೆ ಒತ್ತಿದಳು. ಸತ್ತವರ ಕೈ ಮುಟ್ಟಿ ನೋಡುವ ಹಾಗೆ ಆಗಾಗ ಒತ್ತುತ್ತಿದ್ದಳು. ಒಳಗೆ ಏನೋ ಭಾರ ಕಚ್ಚಿಕೊಂಡಿತು. ಇನ್ನೂ ಹತ್ತು ಸಲ ಒತ್ತಿದಳು. ಬೋರಿಂಗು ಕೆಂಪು ನೀರು ಕಕ್ಕಿತು. ಆಮೇಲೆ ತಿಳಿ. ಅವಳು ಕೂಗಲಿಲ್ಲ. ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ, ಸೆರಗು ನೆನೆಸಿಕೊಂಡು ಹಿಂಡಿ ಕುಡಿದಳು.

ಮುಚ್ಚಿಡುವುದಕ್ಕೆ ಅದೇನು ಬಂಗಾರವೇ? ಬಿಸಿಲೇರುವ ಹೊತ್ತಿಗೆ ಕೇರಿಯ ಬಿಂದಿಗೆಗಳೆಲ್ಲ ಸಾಲುಗಟ್ಟಿದವು. ಹುಚ್ಚಕ್ಕ ಮಾತ್ರ ಹಿಡಿ ಬಿಡಲಿಲ್ಲ. ತಾನೇ ಹೆತ್ತವಳ ಹಾಗೆ ಒತ್ತುತ್ತ ನಿಂತಳು. ಸಾಲಿನ ಕೊನೆಯಲ್ಲಿ ಏಕನಾಥಮ್ಮ ಬಂದಳು.

"ಒಂದ್ ಬಿಂದ್ಗೆ ಹಿಡ್ಕಂತೀನಕ್ಕ."

"ಯಾಕೆ, ಗೌಡ್ರ ಮನೆ ನೀರು ಬಾಯಿಗೆ ಹತ್ಲಿಲ್ವಾ?"

"ಇವತ್ತು ಕೊಟ್ಟಿಲ್ಲ. ಅವ್ರ ಬೋರೂ ತೇಗ್ತಾ ಐತೆ."

"ಹಂಗಾದ್ರೆ ಕರಿಬೇವಿಗೆ ಬೇಕೇನು? ಹೋಗೇ, ಇದು ಮಣ್ಣುಗುಂಡಿ ನೀರು. ನಿನ್ ಗಿಡಕ್ಕೆ ಒಗ್ಗಲ್ಲ."

ಹೆಂಗಸರು ನಕ್ಕರು. ಏಕನಾಥಮ್ಮ ಖಾಲಿ ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿ ಹಿಡಿದುಕೊಂಡು ಹೋದಳು. ಆ ಅಂಗೈ ಒಂದು ಗಳಿಗೆ ಹುಚ್ಚಕ್ಕನ ಕಣ್ಣಿಗೆ ಕಟ್ಟಿತು. ಮರುಗಳಿಗೆ ಅವಳು ಇನ್ನೂ ಜೋರಾಗಿ ಒತ್ತಿದಳು.

ಅಷ್ಟಕ್ಕೇ ಅವಳ ಹೊಟ್ಟೆ ತಣ್ಣಗಾಗಲಿಲ್ಲ. ಬೋರಿಂಗಿನಿಂದ ಅವಳ ಮನೆಗೆ ಮೂವತ್ತು ಹೆಜ್ಜೆ. ಮರುದಿನ ತಲೆಯ ಮೇಲೊಂದು, ಸೊಂಟದ ಮೇಲೊಂದು ಬಿಂದಿಗೆ ಹೊತ್ತು ಊರೊಳಗೆ ಸುತ್ತು ಹಾಕಿ ಗೌಡನ ಗೇಟಿನ ಮುಂದೆ ಹಾದಳು. ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದ ಏಕನಾಥಮ್ಮ ತಲೆಯೆತ್ತಿದಳು. ಅವಳಿಗೆ ಕಾಣಲಿ ಎಂದೇ ಹುಚ್ಚಕ್ಕ ಸೊಂಟ ಕುಲುಕಿ ನೀರು ಚೆಲ್ಲಿದಳು.

ಜಗಲಿಯ ಮೇಲೆ ಕೂತಿದ್ದ ಪ್ರಸನ್ನಕುಮಾರ್ ಮೊಬೈಲಿನಿಂದ ಕಣ್ಣೆತ್ತಿದ. ಅವನು ಹೆಂಗಸನ್ನು ನೋಡಲಿಲ್ಲ, ರಸ್ತೆಯ ಮೇಲೆ ಬಿದ್ದ ನೀರನ್ನು ನೋಡಿದ.

"ಎಲ್ಲಿಂದೇ ಅದು?"

"ನಮ್ ಬೋರಿಂಗಿಂದು ಗೌಡ್ರೇ! ಒತ್ತಿದಂಗೆಲ್ಲ ಬತ್ತೈತೆ. ಇನ್ನು ಯಾರ್ ಮನೆ ಪೈಪಿನ ಕೆಳಗೂ ಬಗ್ಗೋ ಹಂಗಿಲ್ಲ ನಾವು," ಎಂದಳು ಹುಚ್ಚಕ್ಕ. ಹೇಳಿದ್ದು ಗೌಡನಿಗೆ, ಕಣ್ಣಿದ್ದದ್ದು ಏಕನಾಥಮ್ಮನ ಮೇಲೆ.

ಸಂಜೆಗೆ ಗೌಡ ಮಣ್ಣುಗುಂಡಿಯ ದಡದಲ್ಲಿ ನಿಂತಿದ್ದನ್ನು ಕೇರಿ ನೋಡಿತು. ಬಹಳ ಹೊತ್ತು ನಿಂತಿದ್ದ.

ಮೂರನೆಯ ದಿನ ಮಧ್ಯಾಹ್ನ ಹೊಸದುರ್ಗದಿಂದ ಜೆಸಿಬಿ ಬಂತು. ಓಡಿಸುವವನು ಸಾದಿಕ್. ಹಿಂದೆಯೇ ಬೈಕಿನಲ್ಲಿ ಕನಕರಾಜ್. ಬಂಡೆಯ ಮೇಲೆ ಮೋಡ ಕರ್ರಗೆ ಕೂತಿತ್ತು.

"ಈ ಬದು ಒಡೀಬೇಕು," ಎಂದ ಗೌಡ. "ಬೀದಿ ನೀರು ಹೊಂಡಕ್ಕೆ ಬರ್ಲಿ."

"ಅವತ್ತು ಮೈಲಿಗೆ ಅಂದ್ರಲ್ಲ?" ಹುಚ್ಚಕ್ಕ ಮುಂದೆ ಬಂದಳು.

"ಭೂಮ್ತಾಯಿ ಹೊಟ್ಟೆಗೆ ಇಳಿದ್ಮ್ಯಾಲೆ ನೀರಿಗೆ ಯಾವ ಜಾತೀನೇ? ಪೂಜಾರ್ರನ್ನೂ ಕೇಳೀನಿ. ಹೊಂಡಕ್ಕೆ ಒಂದ್ ತಂಬಿಗೆ ಗಂಜಲ ಹುಯ್ದ್ರೆ ಆತಂತೆ."

"ನಕ್ಷೆನಾಗೂ ಹಂಗೇ ಐತೆ," ಎಂದ ಕನಕರಾಜ್, ಯಾರನ್ನೂ ನೋಡದೆ. "ಬಂಡೆ ನೀರು ಹೊಂಡಕ್ಕೇ ಅಂತ."

"ನಮ್ ಬೋರಿಂಗಾಗೆ ಬಂದ್ಮ್ಯಾಲೆ ನಿಮ್ ನಕ್ಷೆಗೆ ನೆನಪಾತಾ? ಥೂ ನಿಮ್ಮೌನ್!"

"ಬಾಯಿ ಮುಚ್ಚೇ ಸೂಳೆಮುಂಡೆ." ಗೌಡ ಹಿಂದೆ ತಿರುಗಿದ. "ಏ ಏಕನಾಥೀ, ಬಾ ಇಲ್ಲಿ. ಮೊದಲ್ನೇ ಏಟು ನೀನಾಕು. ಆಮ್ಯಾಲೆ ಜೆಸಿಬಿ ಮುಗಿಸ್ತೈತೆ. ಗೌಡ ಕಡಿದ ಅಂತ ನಾಳೆ ಯಾವನೂ ಅನ್ಬಾರ್ದು."

ಕೇರಿಯ ಗಂಡಸರು ನೆಲ ನೋಡಿದರು. ಏಕನಾಥಮ್ಮ ಗುದ್ದಲಿ ತೆಗೆದುಕೊಂಡು ಬಂದಳು. ಒಂದು ಏಟು, ಎರಡು, ಐದು. ಹಸಿ ಮಣ್ಣು, ಬೇಗ ಬಿಟ್ಟುಕೊಟ್ಟಿತು. ಬದುವಿನಲ್ಲಿ ಇಬ್ಬರು ಕೂರುವಷ್ಟು ಕಂಡಿ ಬಿತ್ತು.

"ಎರಡು ಬಿಂದ್ಗೆಗೆ ಕೇರಿ ಮಾರಿದ್ಯೇನೇ ಮುಂಡೇ?" ಹುಚ್ಚಕ್ಕನ ಗಂಟಲು ಹರಿಯಿತು. "ಬೋರಿಂಗಿನ ಸುದ್ದಿ ಅವ್ನ ಕಿವಿಗಾಕಿದ್ದು ನೀನೇ ಅಲ್ವೇನೇ?"

ಏಕನಾಥಮ್ಮ ಗುದ್ದಲಿ ಊರಿ ನಿಂತಳು. ಮೆಲ್ಲಗೆ ಹೇಳಿದಳು: "ನಾನ್ ಹೇಳ್ಲಿಲ್ಲಕ್ಕ. ನೀನೇ ಹೊತ್ಕಂಡು ಬಂದು ತೋರ್ಸ್ದೆ."

ಗೇಟಿನ ಮುಂದೆ ತಾನೇ ಚೆಲ್ಲಿದ ನೀರು ಹುಚ್ಚಕ್ಕನ ಕಣ್ಣ ಮುಂದೆ ಹರಿಯಿತು.

ಬಂಡೆಯ ಮೇಲೆ ಮಳೆ ಬಿದ್ದ ಸದ್ದು ಮೊದಲು ಕೇಳಿತು, ಆಮೇಲೆ ಹನಿ ಮೈಗೆ ತಾಗಿತು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬಂತು. ಬದುವಿನ ಹತ್ತಿರ ಕಂಡಿಯನ್ನು ಕಂಡುಕೊಂಡು, ಗೌಡನ ಹೊಂಡದ ಕಡೆ ನಾಲಗೆ ಚಾಚಿತು.

ಹುಚ್ಚಕ್ಕ ಸೀರೆ ಮೇಲಕ್ಕೆ ಕಟ್ಟಿ, ಹೋಗಿ ಆ ಕಂಡಿಯಲ್ಲಿ ಕೂತಳು.

ನೀರು ಅವಳ ಬೆನ್ನಿಗೆ ಬಡಿದು ಎರಡೂ ಪಕ್ಕದಿಂದ ನುಸುಳಿತು. ಅವಳು ಒಣಕಲು ಹೆಂಗಸು. ಕಂಡಿ ಅವಳಿಗಿಂತ ಅಗಲ. ಎರಡೂ ಕೈ ಹರಡಿ ಮಣ್ಣಿಗೆ ಒತ್ತಿದಳು. ಆದರೂ ನುಸುಳಿತು.

"ಸಾದಿಕ್, ಬಕೆಟ್ ಇಳ್ಸು," ಎಂದ ಗೌಡ.

"ಹೆಂಗಸು ಕುಂತೈತೆ ಸಾರ್."

"ಏಕನಾಥೀ, ಆ ಮುಂಡೇನ ಜುಟ್ಟು ಹಿಡ್ದು ಎಳಿ ಈಚೆಗೆ!"

ಏಕನಾಥಮ್ಮ ಕಂಡಿಗೆ ಇಳಿದಳು. ಹುಚ್ಚಕ್ಕ ಕಣ್ಣು ಮುಚ್ಚಿ ಕುತ್ತಿಗೆ ಬಿಗಿ ಹಿಡಿದಳು. ಜುಟ್ಟಿಗೆ ಕೈ ಬೀಳಲಿಲ್ಲ. ಗುದ್ದಲಿ ಬದುವಿನ ಮೇಲೆ ಬಿದ್ದ ಸದ್ದಾಯಿತು.

"ವಸಿ ಅತ್ಲಾಗ್ ಸರಿಯಕ್ಕ," ಎಂದಳು ಏಕನಾಥಮ್ಮ.

ಹುಚ್ಚಕ್ಕ ಸರಿದಳು. ಏಕನಾಥಮ್ಮ ಭುಜಕ್ಕೆ ಭುಜ ಕೊಟ್ಟು ಪಕ್ಕದಲ್ಲಿ ಕೂತಳು. ನೀರು ಇಬ್ಬರ ಬೆನ್ನಿಗೂ ಬಡಿದು, ನಿಂತು, ಏರಿ, ಸೊಂಟ ದಾಟಿ, ಕಡೆಗೆ ಬೇಸತ್ತ ದನದ ಹಾಗೆ ಮಣ್ಣುಗುಂಡಿಯ ಕಡೆ ತಿರುಗಿತು.

"ಇಳ್ಸಲೇ ಸೂಳೆಮಗನೇ!" ಗೌಡ ಕಿರುಚಿದ. ಸಾದಿಕ್ ಏನಂದನೋ ಮಳೆಯಲ್ಲಿ ಕೇಳಲಿಲ್ಲ. ಇಂಜಿನ್ ಮಾತ್ರ ಗುರುಗುಡುತ್ತಲೇ ಇತ್ತು. ಅದರ ಬಕೆಟು ಇಬ್ಬರ ತಲೆಯ ಮೇಲೆ, ಹಲ್ಲುಗಳಿಂದ ನೀರು ಸುರಿಸುತ್ತ, ಇಳಿಯದೆ ಏರದೆ ನಿಂತಿತ್ತು.

ಹುಚ್ಚಕ್ಕ ಮೇಲೆ ನೋಡಲಿಲ್ಲ. ಪಕ್ಕಕ್ಕೆ ನೋಡಿದಳು. ಏಕನಾಥಮ್ಮನ ಸೊಂಟ ಅಗಲ. ಅವಳ ಕಡೆಯಿಂದ ಒಂದು ತೊಟ್ಟೂ ಆಚೆ ಹೋಗುತ್ತಿರಲಿಲ್ಲ. ತನ್ನ ಕಡೆ ಇನ್ನೂ ಸಣ್ಣಗೆ ನುಸುಳುತ್ತಿತ್ತು.

ಅವಳ ಹೊಟ್ಟೆ ಹಳೆಯ ಹಾಗೆಯೇ ಉರಿಯಿತು. ಹಿಂದೆ ಕೈ ಚಾಚಿ ಒಂದು ಹಿಡಿ ಕೆಸರು ಬಾಚಿಕೊಂಡು, ಪಕ್ಕದ ಸಂದಿಗೆ ಮೆತ್ತತೊಡಗಿದಳು.