ಒಳಗೆ ಹೋಗುವವರು ಒಬ್ಬರೇ

ಡೌಲು ಮಾಡುವವರನ್ನು ಜಟ್ಟೆಮ್ಮ ತನ್ನ ಅರವತ್ತು ವರ್ಷದಲ್ಲಿ ಬೇಕಾದಷ್ಟು ಕಂಡಿದ್ದಳು. ಆದರೆ ಹೆರಿಗೆ ಕೋಣೆಯಲ್ಲಿ ಡೌಲು ಮಾಡುವುದೂ ಒಂದು ಕೆಲಸ, ಅದನ್ನು ಕಲಿಸುವುದಕ್ಕೆ ಕೋರ್ಸು ಬೇರೆ ಇದೆ ಎಂದು ಕೇಳಿದ್ದು ಕಲಬುರ್ಗಿ ಕಡೆಯಿಂದ ಕೆ.ಆರ್. ಪುರದ ಮಗನ ಬಾಡಿಗೆ ಕೋಣೆಗೆ ಬಂದ ಮೇಲೆಯೇ.

“ಡೌಲಲ್ರಿ ಅತ್ತಿ, ಡೂಲಾ,” ಎಂದಳು ಸೊಸೆ ರೇವತಿ, ಎಂಟು ತಿಂಗಳ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂರುತ್ತಾ. “ಹಡಿಯೋ ಹೊತ್ನಾಗ ಜೋಡಿ ಇರಾಕಿ. ನಮ್ಮ ಶರ್ವಾಣಿ ಅಕ್ಕಾರು ಕಲ್ತಾರ.”

ಶರ್ವಾಣಿ ಎಂದರೆ ರೇವತಿ ಕಸಮುಸುರೆಗೆ ಹೋಗುತ್ತಿದ್ದ ಇಂದಿರಾನಗರದ ಮನೆಯಾಕೆ. ಇನ್ನೂ ಮೂವತ್ತಾಗಿಲ್ಲ, ಆಗಲೇ ಬ್ಯಾಂಕಿನ ಕೆಲಸ ಬಿಟ್ಟು ಪರದೇಶದ ಯಾವಳೋ ಹೆಂಗಸಿನ ಹತ್ತಿರ ಇದನ್ನು ಕಲಿತಿದ್ದಳಂತೆ. ಜಟ್ಟೆಮ್ಮನಿಗೆ ನಗು ಬಂತು. ಮುಂದಿನ ಮಾತು ಕೇಳಿ ನಗು ಅಲ್ಲೇ ನಿಂತಿತು. ಹಲಸೂರಿನ ಹೆರಿಗೆ ಆಸ್ಪತ್ರೆಯಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸನ್ನು ಒಳಗೆ ಬಿಡುತ್ತಾರೆ, ಒಬ್ಬಳನ್ನು ಮಾತ್ರ. ಆ ಒಬ್ಬಳು ಶರ್ವಾಣಿ ಆಗಲಿ ಎಂದು ರೇವತಿಗೆ ಆಸೆ.

ಹೊಟ್ಟೆ ಉರಿಯದೆ ಇದ್ದೀತೇ? ಮೂರು ವರ್ಷದ ಹಿಂದೆ ರೇವತಿಯ ಮೊದಲ ಹೆರಿಗೆಯಾದದ್ದು ಬೇರೊಂದು ಆಸ್ಪತ್ರೆಯಲ್ಲಿ. ಅಲ್ಲಿ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಗಂಡ ಭೀಮಾಶಂಕರ ಗೇಟಿನಾಚೆ ಬೀಡಿ ಸೇದುತ್ತಾ ನಿಂತಿದ್ದ. ಜಟ್ಟೆಮ್ಮ ಊರಿನಲ್ಲಿ ಜ್ವರ ಬಂದು ಮಲಗಿದ್ದಳು. ಕೂಸನ್ನು ಎತ್ತಿಕೊಂಡು ಊರಿನ ಮನೆಗೆ ಬಂದ ರೇವತಿ ಒಂದು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ. ಒಮ್ಮೆ ಮಾತ್ರ, “ಅಲ್ಲಿ ಗ್ವಾಡಿ ಬಿಟ್ರ ನನಗ ಯಾರೂ ಇರಲಿಲ್ರಿ ಅತ್ತಿ,” ಎಂದಿದ್ದಳು. ಮುಂದಿನ ಸಲ ಏನೇ ಆಗಲಿ ಸೊಸೆಯ ಪಕ್ಕದಲ್ಲಿ ತಾನಿರಬೇಕು ಎಂದು ಜಟ್ಟೆಮ್ಮ ಅವತ್ತೇ ನಿರ್ಧರಿಸಿದ್ದಳು. ಅದಕ್ಕೇ ಇಷ್ಟು ದೂರ ಬಂದದ್ದು. ಈಗ ನೋಡಿದರೆ ಆ ಜಾಗಕ್ಕೆ ಯಾವಳೋ ಮೇಡಮ್ಮು ಟವೆಲ್ಲು ಹಾಕಿ ಕೂತಿದ್ದಾಳೆ.

“ಭಾನುವಾರ ಅಕ್ಕಾರು ಬರ್ತಾರ. ನೀವೇ ಕೇಳ್ರಿ. ನೀವು ಬ್ಯಾಡ ಅಂದ್ರ ಬ್ಯಾಡ,” ಎಂದಳು ರೇವತಿ. ಆ ಮಾತು ಹೇಳುವಾಗ ಅವಳ ಕಣ್ಣು ಮಾತ್ರ ಬೇರೆಯದನ್ನೇ ಬೇಡುತ್ತಿತ್ತು.

ಭಾನುವಾರ ಶರ್ವಾಣಿ ಸ್ಕೂಟಿಯಲ್ಲಿ ಬಂದಳು. ತಗಡಿನ ಚಾವಣಿಯ ಕೋಣೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಇಂಥವರನ್ನು ಕೆಲಸಕ್ಕೆ ಆರಿಸುವ ಯೋಗ ಜಟ್ಟೆಮ್ಮನಿಗೆ ಜೀವಮಾನದಲ್ಲಿ ಬಂದಿರಲಿಲ್ಲ. ಬಂದದ್ದನ್ನು ಬಿಡುವವಳೂ ಅಲ್ಲ ಅವಳು.

“ಕೂಸಿನ ಹೊಕ್ಕಳ ಹುರಿ ನೀನೇ ಕೊಯ್ತಿ ಏನು?”

“ಇಲ್ಲಮ್ಮ, ಅದು ಡಾಕ್ಟರ್ ಕೆಲಸ.”

“ಸೂಜಿ ಮಾಡ್ತಿ?”

“ಅಯ್ಯೋ, ಮುಟ್ಟೋದೂ ಇಲ್ಲ.”

“ನಿನಗ ಎಷ್ಟು ಮಕ್ಕಳು?”

“ಇನ್ನೂ ಇಲ್ಲ.”

“ಹೆರಿಗಿ ಎಷ್ಟು ನೋಡೀದಿ?”

“ಎರಡು.”

ಜಟ್ಟೆಮ್ಮ ಸೊಸೆಯ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ಹುಬ್ಬು ಏರಿಸಿದಳು. “ಮತ್ತ ಒಳಗ ಹೋಗಿ ಏನ್ ಮಾಡ್ತಿ ನಮ್ಮವ್ವಾ?”

ಶರ್ವಾಣಿಗೆ ಸಿಟ್ಟು ಬರಲಿಲ್ಲ. “ಸೊಂಟ ಒತ್ತಿಕೊಡ್ತೀನಿ. ನೀರು ಕುಡಿಸ್ತೀನಿ. ಓಡಾಡ್ಸ್ತೀನಿ. ಅಲ್ಲಿ ಅರ್ಧ ಜನ ತಮಿಳು ಮಾತಾಡ್ತಾರೆ, ರೇವತಿಗೆ ಗೊತ್ತಾಗ್ದೆ ಇದ್ರೆ ಬಿಡಿಸಿ ಹೇಳ್ತೀನಿ. ಅವಳಿಗೇನು ಬೇಕೋ ಅದನ್ನ ನರ್ಸ್‌ಗೆ ಹೇಳ್ತೀನಿ. ಮಗು ಬರೋವರ್ಗೂ ಎಲ್ಲೂ ಎದ್ದು ಹೋಗಲ್ಲ. ಅಷ್ಟೇ ಅಮ್ಮ, ನನ್ನ ಕೆಲಸ.”

ತಮಿಳೊಂದನ್ನು ಬಿಟ್ಟರೆ ಇದರಲ್ಲಿ ತನಗೆ ಬಾರದ್ದು ಯಾವುದಿದೆ? ಗೆದ್ದೆ ಎಂದುಕೊಂಡಳು ಜಟ್ಟೆಮ್ಮ. ಗೆದ್ದ ಉಮೇದಿನಲ್ಲೇ ಇನ್ನೊಂದು ಪ್ರಶ್ನೆ ಎಸೆದಳು.

“ಅಕಿ ಒದರಿದ್ರ?”

ಶರ್ವಾಣಿಗೆ ತಿಳಿಯಲಿಲ್ಲ. “ಕಿರುಚಿದ್ರ ಏನ್ ಮಾಡ್ತೀರಿ ಅಂತ್ರಿ,” ಎಂದು ಒಲೆಯ ಹತ್ತಿರದಿಂದ ರೇವತಿ ಬಿಡಿಸಿ ಹೇಳಿದಳು.

“ಕಿರುಚ್ಲಿ ಬಿಡಿ,” ಎಂದಳು ಶರ್ವಾಣಿ. “ನೋವಾಗ್ತಿರತ್ತಲ್ಲ ಅಮ್ಮ. ಯಾಕೆ ಕಿರುಚ್ಬಾರ್ದು?”

ಯಾಕೆ ಕಿರುಚಬಾರದು ಎಂದು ಜಟ್ಟೆಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ನಾಲ್ಕು ಹೆತ್ತಿದ್ದಳು. ನಾಲ್ಕು ಸಲವೂ, ಹೊರಗೆ ಗಂಡಸರು ಕೂತಿದ್ದಾರೆ ಎಂದು ಅವಳ ಅತ್ತೆ ಸೆರಗನ್ನು ಉಂಡೆ ಮಾಡಿ ಅವಳ ಬಾಯಿಗೆ ತುರುಕಿದ್ದಳು. ಭೀಮಾಶಂಕರ ಹುಟ್ಟಿದಾಗ ಕಚ್ಚಿದ ರಭಸಕ್ಕೆ ಮುಂದಿನ ಹಲ್ಲೊಂದು ಮುರಿದಿತ್ತು. ಅದಾದರೂ ಹೋಗಲಿ. ಸ್ವಂತ ಮಗಳು ಹೆರುವಾಗ ಪಕ್ಕದಲ್ಲಿ ಕೂತ ಜಟ್ಟೆಮ್ಮ ತಾನೇ ಏನು ಮಾಡಿದ್ದಳು? ಯಾರೂ ಹೇಳದಿದ್ದರೂ ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಪ್ರೀತಿಯಿಂದಲೇ ಹಿಡಿದಿದ್ದಳು. ರೇವತಿಯ ಪಕ್ಕ ನಿಂತರೂ ಈ ಕೈ ಅದನ್ನೇ ಮಾಡುತ್ತದೆ ಎಂದು ಅವಳಿಗೆ ಆ ಕ್ಷಣ ಖಾತ್ರಿಯಾಯಿತು.

ಅವಳು ಎದ್ದು ಹೋಗಿ ಚಹಾ ಸೋಸಿದಳು. ಮೊದಲ ಕಪ್ಪನ್ನು ಶರ್ವಾಣಿಯ ಮುಂದಿಟ್ಟು, “ನೀನೇ ಹೋಗವ್ವ ಒಳಗ,” ಎಂದಳು. ರೇವತಿ ಒಲೆಯ ಮುಂದೆ ಕಣ್ಣು ಒರೆಸಿಕೊಂಡಳು.

ನೋವು ಶುರುವಾದದ್ದು ಒಂದು ಗುರುವಾರ ಬೆಳಿಗ್ಗೆ. ಮೊಮ್ಮಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿಗೆ ಹಿಡಿಶಾಪ ಹಾಕುತ್ತಾ ಆಟೋದಲ್ಲಿ ಹಲಸೂರು ಮುಟ್ಟುವಷ್ಟರಲ್ಲಿ ಶರ್ವಾಣಿ ಗೇಟಿನಲ್ಲೇ ಕಾಯುತ್ತಿದ್ದಳು. ರೇವತಿ, ಶರ್ವಾಣಿ ಇಬ್ಬರೂ ಒಳಗೆ ಹೋದರು. ಭೀಮಾಶಂಕರ ಈ ಸಲವೂ ಬೀಡಿ ಹುಡುಕಿಕೊಂಡು ಹೋದ. ಜಟ್ಟೆಮ್ಮ ವರಾಂಡದ ಬೆಂಚಿನ ಮೇಲೆ ಕೂತಳು.

ಹನ್ನೊಂದರ ಹೊತ್ತಿಗೆ ಕೂಗು ಕೇಳಿಸಿತು. ರೇವತಿಯದೇ. ಒಂದಾದ ಮೇಲೊಂದು, ತಡೆಯಿಲ್ಲದೆ. ಬೆಂಚಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಜಟ್ಟೆಮ್ಮ ತನಗೆ ಗೊತ್ತಿಲ್ಲದೆಯೇ ಸೆರಗನ್ನು ಮುಷ್ಟಿಯಲ್ಲಿ ಉಂಡೆ ಮಾಡುತ್ತಿದ್ದಳು.

ಆಯಾ ಚಾಂದ್ ಬೀ ಬಾಗಿಲು ತಳ್ಳಿಕೊಂಡು ಬಂದಳು. “ಏ ಅಮ್ಮಾ, ನಿಮ್ದೇನಾ ಬಹೂ? ಎಷ್ಟು ಚಿಲ್ಲಾಯಿಸ್ತಾಳೆ! ಬಾಕಿ ಹೆಂಗಸ್ರು ಹೆದರ್ಕೊಂಡವ್ರೆ. ಆ ಮೇಡಂಗೆ ಹೇಳಿದ್ರೆ, ಪರವಾಗಿಲ್ಲ ಬಿಡಿ ಅಂತಾರೆ. ನೀವಾದ್ರೂ ಬಂದು ಚುಪ್ ಇರೋಕೆ ಹೇಳಿ.”

ಕೊನೆಗೂ ಒಳಗಿನಿಂದ ಕರೆ ಬಂತು, ಅದೂ ಈ ಕೆಲಸಕ್ಕೆ! ಜಟ್ಟೆಮ್ಮ ಚಾಂದ್ ಬೀಯ ಹಿಂದೆ ನಡೆದಳು. ಅರ್ಧ ತೆರೆದ ಬಾಗಿಲಿನಿಂದ ಕಂಡಿತು: ರೇವತಿ ಎರಡೂ ತೋಳುಗಳಿಂದ ಶರ್ವಾಣಿಯ ಕೊರಳಿಗೆ ಜೋತುಬಿದ್ದಿದ್ದಳು. ಶರ್ವಾಣಿಯ ಜಡೆ ಬಿಚ್ಚಿ ಹೋಗಿತ್ತು, ಕಾಲು ನಡುಗುತ್ತಿತ್ತು; ಆದರೂ ಅವಳು ನಿಂತೇ ಇದ್ದಳು, ರೇವತಿಯ ಸೊಂಟ ಉಜ್ಜುತ್ತಲೇ ಇದ್ದಳು.

ರೇವತಿ ತಲೆ ಎತ್ತಿದಳು. ಬಾಗಿಲಲ್ಲಿ ಅತ್ತೆಯನ್ನು ಕಂಡವಳೇ ಗಕ್ಕನೆ ಬಾಯಿ ಮುಚ್ಚಿ ತುಟಿ ಕಚ್ಚಿಕೊಂಡಳು. ನೋವು ಬಂತು, ಅವಳ ಮುಖ ಕಪ್ಪಿಟ್ಟಿತು, ಕೂಗು ಬರಲಿಲ್ಲ.

“ಬಾಯಿ ಮುಚ್ಚಬ್ಯಾಡ!” ಎಂದಳು ಜಟ್ಟೆಮ್ಮ. ಅವಳ ದನಿ ಇಡೀ ಆಸ್ಪತ್ರೆಗೆ ಕೇಳುವಂತಿತ್ತು. “ಒದರು, ನನ್ನವ್ವಾ, ಒದರು! ಯಾರ್ ಏನಂತಾರ ನಾ ನೋಡ್ತೀನಿ!”

ರೇವತಿ ಕೂಗಿದಳು. ಚಾಂದ್ ಬೀ ಅತ್ತೆಯನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿ, “ಯಾ ಅಲ್ಲಾ, ಮನೆ ಪೂರಾ ಹಿಂಗೇನಾ!” ಎಂದು ಹಣೆ ಚಚ್ಚಿಕೊಂಡು ನಕ್ಕುಬಿಟ್ಟಳು.

ಹನ್ನೆರಡೂವರೆಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಅತ್ತೆಯನ್ನು ಕಂಡ ರೇವತಿ ಮೊದಲು ಹೇಳಿದ ಮಾತು, “ಅತ್ತಿ, ಹಸಿವಾಗ್ಯಾದ.” ಹೋದ ಸಲ ತಿಂಗಳಿಡೀ ಗೋಡೆ ನೋಡಿದ ಹುಡುಗಿ ಇವಳೇನಾ ಎಂದು ಜಟ್ಟೆಮ್ಮನಿಗೆ ನಂಬುವುದಕ್ಕೇ ಆಗಲಿಲ್ಲ.

ಶರ್ವಾಣಿ ಹೊರಗೆ ಬಂದು ಬೆಂಚಿನ ಬಳಿ ನಿಂತಳು. ಅವಳ ಮುಂಗೈ ತುಂಬ ರೇವತಿಯ ಉಗುರಿನ ಗುರುತುಗಳಿದ್ದವು. ಜಟ್ಟೆಮ್ಮ ಆ ಕೈ ಹಿಡಿದುಕೊಂಡಳು. ಈ ಹುಡುಗಿಯ ಉಪಕಾರವನ್ನು ಏಳು ಜನ್ಮಕ್ಕೂ ತೀರಿಸಲಾಗದು ಎನಿಸಿತು.

“ನಾನೇನೂ ಮಾಡ್ಲಿಲ್ಲಮ್ಮ,” ಎಂದಳು ಶರ್ವಾಣಿ. “ಎಲ್ಲ ಅವಳೇ ಮಾಡಿದ್ದು.”

“ನನ್ನ ನಾಕು ಹೆರಿಗಿಗೆ ಎಲ್ಲಿ ಹೋಗಿದ್ದೆವ್ವಾ ನೀ?” ಎಂದಳು ಜಟ್ಟೆಮ್ಮ.

ತಾನಿನ್ನೂ ಹುಟ್ಟಿಯೇ ಇರಲಿಲ್ಲ ಎಂದು ನಗಲು ಹೋದ ಶರ್ವಾಣಿ, ಮುದುಕಿಯ ಮುಖ ನೋಡಿ ಬೆಂಚಿನ ಮೇಲೆ ಅವಳಿಗೆ ಒತ್ತಿಕೊಂಡೇ ಕೂತಳು. ಜಟ್ಟೆಮ್ಮ ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಎಲ್ಲರೆದುರಿಗೆ, ದೊಡ್ಡ ದನಿ ತೆಗೆದು ಅತ್ತಳು.