ಸಮಾಧಾನ ಹೇಳುವ ಹೊತ್ತು

ಮುಂದಿನ ಬೆಂಚಿನವರ ಕಾಲರಿನ ಹೊಲಿಗೆ ಬಿಟ್ಟಿದೆ, ಒಂದೆರಡು ಟಾಕೆ ಹಾಕಿದರೆ ಸಾಕು, ಸೂಜಿ ಬ್ಯಾಗಿನಲ್ಲೇ ಇದೆ, ಆದರೆ ಆ ಬೆನ್ನು ಮುಟ್ಟುವ ಧೈರ್ಯ ಅವಳಿಗೆಲ್ಲಿ, ಮುಟ್ಟಿದರೆ ತಿರುಗುತ್ತಾರೆ, ತಿರುಗಿದರೆ ಮುಖ ನೋಡಬೇಕು — ಊರಿನವರ ಬಟ್ಟೆಯೆಲ್ಲ ಹೊಲಿದು ಕೊಟ್ಟವಳು ಈಗ ಚರ್ಚಿನ ಕಡೆಯ ಬೆಂಚಿನಲ್ಲಿ, ಬಾಗಿಲ ಹತ್ತಿರ, ಎದ್ದು ಓಡುವುದಕ್ಕೆ ಅನುಕೂಲವಾಗಿ ಕೂತಿದ್ದಾಳೆ, ಓಡುವ ದಾರಿಗೆ ಅಡ್ಡವಾಗಿ ನರ್ಸಕ್ಕ ಕೂತಿದ್ದಾಳೆ, ಬೇಕಂತಲೇ. ಬೆಳಿಗ್ಗೆ ಇವಳು ಮನೆಯ ಬಾಗಿಲು ತೆರೆಯದಿದ್ದಾಗ ಮೆಟ್ಟಿಲ ಮೇಲೆ ಕೂತು, ನೀನು ಬರದಿದ್ರೆ ನಾನೂ ಹೋಗಲ್ಲ ಕಣೆ, ಇಲ್ಲೇ ಹಾಡ್ತೀನಿ, ನನ್ನ ಕಂಠ ಗೊತ್ತಲ್ಲ, ಬೀದಿಯವರು ಬಂದು ಬೈಯೋದು ನಿನಗೇ, ಅಂದವಳು ಶುರುವನ್ನೂ ಮಾಡಿಬಿಟ್ಟಿದ್ದಳು, ಇವಳಿಗೆ ನಗು ಬಂದಿತ್ತು, ಅದಾದ ಮೇಲೆ ಮೊದಲ ಸಲ, ಬಂದ ನಗುವನ್ನು ಅಂಗೈಯಿಂದ ಒರೆಸಿಕೊಂಡಿದ್ದಳು. ಅದಾದ ಮೇಲೆ — ಗಂಡ ಎರಡು ಪಾಳಿ ಒಟ್ಟಿಗೆ ಲಾರಿ ಓಡಿಸಿ ಬರುತ್ತಿದ್ದ, ಸ್ಟಿಯರಿಂಗ್ ಮೇಲೆಯೇ ಕಣ್ಣು ಹತ್ತಿತು, ಲಾರಿ ರಸ್ತೆಬದಿಗೆ ನುಗ್ಗಿತು, ಅಲ್ಲಿ ಹಾಡಿನ ಅಭ್ಯಾಸಕ್ಕೆಂದು ಹೊರಟಿದ್ದ ಬಡಗಿಯಣ್ಣ ನಡೆದು ಬರುತ್ತಿದ್ದ, ಅಲ್ಲೇ ಜೀವ ಹೋಯಿತು, ಇದೇ ಸಭೆಯವನು, ಅಗೋ ಹಾಡುವವರ ಸಾಲಿನಲ್ಲಿ ಅವನ ಜಾಗ, ಯಾರೂ ಸರಿದು ತುಂಬಿಲ್ಲ. ಅವನ ನಿಲುವಂಗಿ ಹೊಲಿದದ್ದೂ ಅವಳೇ, ಹಾಡುವಾಗ ಎದೆ ಉಬ್ಬುತ್ತಮ್ಮಾ, ಸ್ವಲ್ಪ ಸಡಿಲ ಬಿಡು ಅಂದಿದ್ದ, ಬಿಟ್ಟಿದ್ದಳು. ಜೈಲಿನ ಜಾಲರಿಯಾಚೆ ಗಂಡ ಕೆನ್ನೆ ಒಳಹೋದವನು, ಕಣ್ಣು ಮುಚ್ಚಿದ್ರೆ ಅದೇ ಸದ್ದು ಕಣೆ, ಅದೇ ಸದ್ದು, ಅಂದಿದ್ದ. ಬಡಗಿಯ ಹೆಂಡತಿ ಮೊದಲ ಸಾಲಿನಲ್ಲಿದ್ದಾಳೆ, ತಲೆಯ ಹಿಂಭಾಗ ಮಾತ್ರ ಕಾಣುತ್ತದೆ, ಕೂದಲು ಬಿಗಿಯಾಗಿ ಕಟ್ಟಿದೆ, ಒಮ್ಮೆಯೂ ತಿರುಗಿಲ್ಲ, ತಿರುಗದೇ ಇರಲಿ ದೇವರೇ, ಇಲ್ಲ, ತಿರುಗಲಿ, ಬೈದುಬಿಡಲಿ, ಒಂದು ಸಲ ಮುಗಿದುಹೋಗಲಿ.

ಎದ್ದು ನಿಲ್ಲೋಣ, ಒಬ್ಬರಿಗೊಬ್ಬರು ಕ್ರಿಸ್ತನ ಸಮಾಧಾನ ಹೇಳಿಕೊಳ್ಳೋಣ ಎನ್ನುತ್ತಾರೆ ಪಾದ್ರಿಗಳು, ಬೆಂಚುಗಳು ಕಿರುಗುಟ್ಟುತ್ತವೆ, ಅವಳ ಕಾಲು ಏಳುವುದಿಲ್ಲ, ನರ್ಸಕ್ಕ ಮೊಣಕೈ ಹಿಡಿದು ಎತ್ತುತ್ತಾಳೆ, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಎತ್ತಿ ಪಳಗಿದ ಕೈ, ಬಿದ್ರೆ ಹಿಡ್ಕೋತೀನಿ, ನಿಲ್ಲು. ಮುಂದಿನ ಬೆಂಚಿನ ಕಾಲರಿನವರು ತಿರುಗುತ್ತಾರೆ, ಕೈ ಚಾಚುತ್ತಾರೆ, ಸಮಾಧಾನ ತಂಗಿ, ಎಷ್ಟು ದಿನ ಆಯ್ತು, ಅಷ್ಟೇ, ಇನ್ನೇನೂ ಕೇಳುವುದಿಲ್ಲ, ಕೋಲೂರುವ ಅಜ್ಜಿ ಕೋಲನ್ನು ಬೆಂಚಿಗೆ ಒರಗಿಸಿ ಎರಡೂ ಕೈ ಕೊಡುತ್ತಾಳೆ, ಭಾನುವಾರ ಭಾನುವಾರ ನಿನ್ನ ಜಾಗ ನೋಡ್ತಿದ್ದೆ ಮಗಾ, ಒಬ್ಬ ಮಾತ್ರ ನೋಡಿಯೂ ನೋಡದವನಂತೆ ಪಕ್ಕಕ್ಕೆ ಹೋಗುತ್ತಾನೆ, ಹೋಗಲಿ, ಅವನದೂ ನ್ಯಾಯವೇ — ಆಮೇಲೆ ಮಾತೆಲ್ಲ ತಗ್ಗುತ್ತದೆ, ನಡುವಿನ ದಾರಿ ತೆರವಾಗುತ್ತದೆ, ಬಡಗಿಯ ಹೆಂಡತಿ ಬರುತ್ತಿದ್ದಾಳೆ. ಬಾಗಿಲು ಹತ್ತಿರದಲ್ಲೇ ಇದೆ, ನರ್ಸಕ್ಕ ಪಕ್ಕಕ್ಕೆ ಸರಿದಿದ್ದಾಳೆ, ಈಗ ಬೇಕಾದರೆ ಓಡಬಹುದು, ಅವಳು ಓಡುವುದಿಲ್ಲ. ಎದುರು ನಿಂತವಳ ಕೈ ಕೆಳಗೇ ಇದೆ. ನಿನ್ನ ಗಂಡನಿಗೆ ಅಲ್ಲಿ ನಿದ್ದೆ ಬರುತ್ತಾ. ಇಷ್ಟು ಮಾತು, ಬೈಗುಳವೂ ಅಲ್ಲ, ಕನಿಕರವೂ ಅಲ್ಲ, ಸುಳ್ಳು ಹೇಳಲೇ, ಯಾವ ಸುಳ್ಳು, ಇಲ್ಲ ಅಕ್ಕಾ, ಬರಲ್ಲ. ನನಗೂ ಇಲ್ಲ, ಅವರು ಅರ್ಧ ಬಿಟ್ಟು ಹೋದ ಕುರ್ಚಿಗಳಿವೆಯಲ್ಲ, ಬೆಳಗಾಗೋತನಕ ಪಾಲಿಶ್ ಹಾಕ್ತೀನಿ, ಸರಿಯಾಗಿ ಬರಲ್ಲ, ಒಬ್ಬಳೇ ಆದ್ರೆ ಕೈ ನಡುಗುತ್ತೆ, ನೀನು ಬರ್ತೀಯಾ. ಇವಳ ತಲೆ ತಾನಾಗಿ ಹೂಂ ಎಂದು ಆಡುತ್ತದೆ, ಯಾರೋ ಹಾರ್ಮೋನಿಯಂ ತೆರೆಯುತ್ತಾರೆ, ಎಲ್ಲರೂ ಕೂರುತ್ತಿದ್ದಾರೆ, ಇವರಿಬ್ಬರೇ ನಿಂತಿದ್ದಾರೆ, ಮತ್ತು ಆ ಕೈ ಮೇಲೇಳುತ್ತಿದೆ, ಉಗುರಿನ ಸಂದಿಯಲ್ಲೆಲ್ಲ ಕಂದು ಬಣ್ಣ, ಹೆಬ್ಬೆರಳಲ್ಲಿ ಬಿರುಕು, ಪಾಲಿಶಿನ ಘಾಟು, ಆ ಕೈ, ಅವಳ ಕೈಯೊಳಗೆ —